ದಡದ ಉತ್ತರ

ನಮ್ಮ ದ್ವೀಪದ ಮೀನುಗಾರರ ಸಂಘದ ಕಟ್ಟಡದಲ್ಲಿ ಒಂದು ನಕ್ಷೆಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ದ್ವೀಪದ ಸುತ್ತಲಿನ ಹವಳದ ದಿಬ್ಬಗಳ ಮೇಲೆ ಅದರಲ್ಲಿ ಹನ್ನೊಂದು ಕೆಂಪು ವೃತ್ತಗಳಿವೆ. ಮುರು ಮೀನು ಮೊಟ್ಟೆಯಿಡಲು ಎಲ್ಲೆಲ್ಲಿ ಕೂಡುತ್ತದೆ ಎಂದು ಅವು ತೋರಿಸಬೇಕು. ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಹೆಸರಿದೆ, ಸಫೂರಾಬಿ. ಆ ಹನ್ನೊಂದರಲ್ಲಿ ಹತ್ತು ಸುಳ್ಳು. ನಿಜವಾದ ಒಂದನ್ನು ಕೊಟ್ಟವರು ನನ್ನ ಮಾಮ ಕಾಸ್ಮಿಕೋಯ, ಕೊಡಿಸಿದವಳು ನಾನು. ಕೊಚ್ಚಿಯ ಹಡಗಿನಿಂದ ಇಳಿದ ಸಾಹೇಬರು ಆ ನಕ್ಷೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಸಮುದ್ರದಲ್ಲಿ ಜಾಗ ಹಿಡಿಯುವುದು ಗುರುತಿನಿಂದ. ದೋಣಿಯಲ್ಲಿ ಕೂತು ದಡ ನೋಡಬೇಕು. ಒಂದು ಕಡೆ ಎರಡು ವಸ್ತುಗಳು ಒಂದರ ಹಿಂದೊಂದು ಬರಬೇಕು, ಇನ್ನೊಂದು ಕಡೆ ಬೇರೆ ಎರಡು. ಎರಡೂ ಕೂಡಿದಲ್ಲಿ ಲಂಗರಿನ ಕಲ್ಲು ಬಿಟ್ಟರೆ ಮೀನಿನ ತಲೆಯ ಮೇಲೇ ಬೀಳುತ್ತದೆ. ಮಾಮ ನನಗೆ ಮೊದಲ ಗುರುತು ಕಲಿಸಿದಾಗ ನನಗೆ ಏಳು ವರ್ಷ. ದಿಬ್ಬದ ಈಚೆಗಿನ ಒಳಗಡಲಿನಲ್ಲಿ, ಅವರಿಗೆ ಸೊಂಟದವರೆಗೆ ನನಗೆ ಕುತ್ತಿಗೆಯವರೆಗೆ ಬರುವ ನೀರಿನಲ್ಲಿ ನಿಲ್ಲಿಸಿದ್ದರು.

"ದೀಪಸ್ತಂಭ ಜೆಟ್ಟಿಯ ತುದಿ ಮೇಲೆ ಕೂತಿತಾ?"

"ಕೂತಿತು ಮಾಮ."

"ಹಾಂ, ಈಗ ಕಾಲಿನ ಬುಡ ನೋಡು."

ಕಾಲಿನ ಬುಡದ ಪೊಟರೆಯಲ್ಲಿ ಆಕ್ಟೋಪಸ್ ಒಂದು ನನ್ನನ್ನೇ ನೋಡುತ್ತಿತ್ತು. ಆ ಗುರುತು ಒಳಗಡಲಿನಲ್ಲಿ ಮಾತ್ರ ಕೂಡುತ್ತದೆ. ದಿಬ್ಬ ದಾಟಿ ಹೊರಗಡಲಿಗೆ ಹೋದರೆ ಜೆಟ್ಟಿ ಕಣ್ಣಿಗೇ ಬೀಳುವುದಿಲ್ಲ. ನನ್ನ ಮಟ್ಟಿಗೆ ಅದು ಅ ಆ ಇ ಈ ಇದ್ದ ಹಾಗೆ.

ಇನ್ನು ದಡದ ಉತ್ತರ. ದೋಣಿ ತುಂಬಿಸಿಕೊಂಡು ಬಂದವನನ್ನು "ಎಲ್ಲಿ ಸಿಕ್ಕಿತು?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಎರಡು ಗುರುತು ಹೇಳಬೇಕು, ಮೊದಲನೆಯದು ನಿಜ, ಎರಡನೆಯದು ಸುಳ್ಳು. ಅರ್ಧ ನಿಜ ಹೇಳಿದವನನ್ನು ಸುಳ್ಳುಗಾರ ಎನ್ನುವಂತಿಲ್ಲ, ಕೇಳಿದವನೂ ನಂಬಿ ಹೋಗುವುದಿಲ್ಲ. ಚಹಾ ಆಯ್ತಾ ಎಂದು ಕೇಳಿದರೆ ಆಯ್ತು ಎಂದ ಹಾಗೆ. ಇದನ್ನು ಪಾಪವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆಯವರಿಗೆ ಮಾತ್ರ ದಡದ ಉತ್ತರ ಕೊಡುವಂತಿಲ್ಲ. ಮಾಮ ನನಗೆ ಒಂದು ದಿನವೂ ಕೊಟ್ಟವರಲ್ಲ.

ಮನೆಯವರೆಂದರೆ ಯಾರು ಎನ್ನುವುದೂ ಇಲ್ಲಿ ಮುಖ್ಯ. ನಮ್ಮದು ಅಳಿಯಕಟ್ಟು. ತೆಂಗು, ದೋಣಿ, ಸಮುದ್ರದ ಗುರುತು ಎಲ್ಲ ಇಳಿಯುವುದು ಮಾಮನಿಂದ ಸೋದರಿಯ ಮಕ್ಕಳಿಗೆ. ಬಾಪ್ಪ, ಎಂದರೆ ತಂದೆ, ನಮ್ಮ ಮನೆಗೆ ಬಂದು ಹೋಗುವವರು. ಅವರು ಉಣ್ಣುವುದು, ದುಡಿದು ಹಾಕುವುದು ಅವರ ತಂಗಿ ಸೈನಬಿ ಅತ್ತೆಯ ಮನೆಯಲ್ಲಿ. ಸಂಜೆಯ ಚಹಾ ಮಾತ್ರ ತಪ್ಪದೆ ನಮ್ಮಲ್ಲಿ. ಬಾಪ್ಪನಿಗೆ ನನ್ನ ಮೇಲೆ ಜೀವ. ಮಾಮನಿಗೆ ಸೋದರಳಿಯರಿಲ್ಲ, ಇರುವವಳು ನಾನೊಬ್ಬಳೇ. ಹಾಗಾಗಿ ಮಾಮನ ಮುರು ಮೀನಿನ ಜಾಗ ಮುಂದೆ ನನ್ನದು. ಮೂಡಣ ದಿಬ್ಬದಾಚೆ, ಬಗ್ಗಿದ ತೆಂಗಿನ ಹಿಂದೆ ಮಸೀದಿಯ ಮಿನಾರು ಬಂದು, ಐಸ್ ಕಾರ್ಖಾನೆಯ ತಗಡಿನ ಮೇಲೆ ದೀಪಸ್ತಂಭ ಕೂತಾಗ ಸಿಗುವ ಜಾಗ. ನಮ್ಮ ಮನೆಯಲ್ಲಿ ಏಳು ತಲೆಯಿಂದ ಬಂದದ್ದು ಎನ್ನುತ್ತಿದ್ದರು ಉಮ್ಮ, ನನ್ನ ತಾಯಿ. ಈಗ ಆ ಗುರುತನ್ನು ಇಲ್ಲಿ ಬರೆಯಲು ಅಂಜಿಕೆಯಿಲ್ಲ. ಏಕೆಂದರೆ ಅಲ್ಲಿ ಏನೂ ಉಳಿದಿಲ್ಲ.

ಸಂಶೋಧನೆಯ ಸಂಸ್ಥೆಯೊಂದರಿಂದ ತೂತ್ತುಕುಡಿಯ ಇಳಂಗೋ ಎಂಬವರು ಬಂದದ್ದು ಒಂದು ವರ್ಷ ಮಳೆಗಾಲ ಮುಗಿದ ಮೇಲೆ. ಮುಖ್ಯಭೂಮಿಯಿಂದ ಐಸ್ ತುಂಬಿಕೊಂಡು ಬರುವ ವ್ಯಾಪಾರಿ ದೋಣಿಗಳು ಮುರು ಮೀನಿಗೆ ಮುಗಿಬಿದ್ದಿದ್ದ ಕಾಲ ಅದು. ವರ್ಷದಲ್ಲಿ ಎರಡು ತಿಂಗಳು, ಅಮಾವಾಸ್ಯೆಗೆ ಮುಂಚಿನ ಐದು ದಿನ ಆ ಮೀನು ಸಾವಿರಗಟ್ಟಲೆ ಕೂಡುತ್ತದೆ. ಕೂಡಿದಲ್ಲೇ ಹಿಡಿದರೆ ತಾಯಿ, ಮರಿ, ಮುಂದಿನ ವರ್ಷ ಮೂರನ್ನೂ ಹಿಡಿದ ಹಾಗೆ. ಮೀನು ಕಡಿಮೆಯಾಗಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಿರಿಯರಿಂದ ಜಾಗಗಳನ್ನು ಕೇಳಿ ನಕ್ಷೆ ಮಾಡೋಣ, ಆ ಐದು ದಿನ ವೃತ್ತದೊಳಗೆ ಯಾರೂ ಗಾಳ ಹಾಕುವುದು ಬೇಡ ಎಂದರು ಇಳಂಗೋ. ಪ್ರಾಣಿಶಾಸ್ತ್ರ ಓದಿ ಬಂದು ಮನೆಯಲ್ಲಿ ಹಗ್ಗ ಹೊಸೆಯುತ್ತಿದ್ದ ನನಗೆ ಕೆಲಸ ಕೊಟ್ಟರು. ಗುರುತು ಕೇಳಿ ಬರೆಯುವುದು, ದಿಕ್ಸೂಚಿಯಿಂದ ಗೆರೆ ಎಳೆಯುವುದು, ಗೆರೆ ಕೂಡಿದಲ್ಲಿ ವೃತ್ತ ಹಾಕುವುದು. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ದೋಣಿ ಚಪ್ಪರದಲ್ಲಿ ಹತ್ತು ಮನೆಯ ಹಿರಿಯರು ಕೂತರು. ಮಾಮ ಬರಲಿಲ್ಲ, ಸಭೆಯೆಂದರೆ ಅವರಿಗೆ ಆಗದು. ನಾನು ಪುಸ್ತಕ ಬಿಚ್ಚಿ ಹೇಳಿದೆ, "ಇದು ದಡದಲ್ಲಿ ಕೇಳುವ ಪ್ರಶ್ನೆ ಅಲ್ಲ. ದಡದ ಉತ್ತರ ಬೇಡ. ನಿಜ ಹೇಳುವುದಾದ್ರೆ ಮಾತ್ರ ಹೇಳಿ."

 ಒಬ್ಬರು ಕೆಮ್ಮಿದರು. ಇನ್ನೊಬ್ಬರು, "ಸಫೂರಾ, ಮೊದಲು ನಿನ್ನ ಮದುವೆಯ ಗುರುತು ಹೇಳು. ಆಮೇಲೆ ನಾವು ಮೀನಿನದ್ದು ಹೇಳ್ತೇವೆ" ಎಂದರು. ಎಲ್ಲರೂ ನಕ್ಕರು.  ಇಳಂಗೋ ನನ್ನ ಮುಖ ನೋಡಿದರು, ನಾನು ಪುಸ್ತಕ ನೋಡಿದೆ.

ಆಗ ಬಾಪ್ಪ ಎದ್ದು ನಿಂತರು. ಎಲ್ಲರೂ ಅವರನ್ನು ಪೂಕುಂಞಿ ಮಾಲ್ಮಿ ಎನ್ನುತ್ತಾರೆ. ನಕ್ಷತ್ರ ನೋಡಿ ಹಾಯಿ ಹಡಗನ್ನು ಮಂಗಳೂರಿಗೆ ಮುಟ್ಟಿಸಿದವರು ಅವರು. ಅವರ ಮಾತಿಗೆ ತೂಕವಿತ್ತು.

"ಬರ್ಕೋ ಮಗಳೇ," ಎಂದರು. "ದೋಣಿ ಚಪ್ಪರದ ಮೇಲೆ ನೀರಿನ ಟ್ಯಾಂಕಿ. ಇನ್ನೊಂದು, ವಯರ್‌ಲೆಸ್ ಕಂಬಕ್ಕೆ ಬಡಗಣ ಮರಳು ದಿಣ್ಣೆ ತಾಗಬೇಕು."

ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. ನಾನು ಹೆಮ್ಮೆಯಿಂದ ಬರೆದುಕೊಂಡೆ. ಬಾಪ್ಪ ಹೇಳಿದ ಮೇಲೆ ಇನ್ನೇನು, ಒಬ್ಬರಾದ ಮೇಲೆ ಒಬ್ಬರು ಎದ್ದರು. ಒಂಬತ್ತು ಮಂದಿ ಬರೆಸಿದರು. ಕೊನೆಗೆ ತೆಂಗಿನ ಬೆಲ್ಲದ ಉಂಡೆಯೊಂದನ್ನು ಒಡೆದು ಹಂಚಿಕೊಂಡು ತಿಂದರು. ನಮ್ಮಲ್ಲಿ ಒಂದೇ ಉಂಡೆಯ ಬೆಲ್ಲ ತಿಂದರೆ ಮಾತು ಕೊಟ್ಟ ಹಾಗೆ.

ಅಲ್ಲಿಂದ ಓಡುತ್ತಲೇ ಮಾಮನ ಹತ್ತಿರ ಹೋದೆ. ಅಂಗಳದ ತಗ್ಗು ಸೂರಿನ ಕೆಳಗೆ ಕೂತು ತೆಂಗಿನ ನಾರು ಹೊಸೆಯುತ್ತಿದ್ದರು. ನಾನು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡೆ. ಆ ಕೆಲಸ ಮೊದಲಿನಿಂದಲೂ ನನ್ನದು.

"ಮಾಮ, ಹತ್ತು ಜನ ಕೊಟ್ರು. ನಿಮ್ಮದೊಂದು ಉಳಿಯಿತು."

"ನಿಜ ಕೊಟ್ರಾ?"

"ಬೆಲ್ಲ ತಿಂದಿದ್ದಾರೆ."

"ಬೆಲ್ಲ ಯಾರು ಬೇಕಾದ್ರೂ ತಿಂತಾರೆ. ಸಿಹಿ ಇರ್ತದಲ್ಲ." ಮಾಮ ನಾರನ್ನು ಅಂಗೈಯಲ್ಲಿ ತಿರುಗಿಸಿದರು. "ನಿನ್ನ ಬಾಪ್ಪ?"

"ಮೊಟ್ಟಮೊದಲು ಕೊಟ್ಟದ್ದೇ ಬಾಪ್ಪ. ನನ್ನ ಮುಖ ನೋಡಿ ಹೇಳಿದ್ರು."

ಮಾಮ ನಾರನ್ನು ಕೆಳಗಿಟ್ಟರು. "ನೋಡು ಮಾರಾಯ್ತಿ, ಆ ಜಾಗ ನಂದಲ್ಲ. ನಿಂದು. ನಾನು ಕಾಯುವವ ಅಷ್ಟೆ. ನೀನು ಕೊಡು ಅಂದ್ರೆ ಕೊಡ್ಲಿಕ್ಕೇ ಬೇಕು. ಆದ್ರೆ ಒಮ್ಮೆ ಕಾಗದಕ್ಕೆ ಹೋದ್ರೆ ಅದು ನಿಂಗೂ ಇಲ್ಲ, ನಂಗೂ ಇಲ್ಲ. ಯೋಚನೆ ಮಾಡಿದ್ದೀಯಾ?"

"ಮಾಡಿದ್ದೇನೆ ಮಾಮ." ನಾನೆಲ್ಲಿ ಯೋಚನೆ ಮಾಡಿದ್ದೆ! ಹನ್ನೊಂದು ವೃತ್ತ ಚಂದ ಕಾಣುತ್ತದೆ ಎನ್ನುವುದಷ್ಟೇ ತಲೆಯಲ್ಲಿತ್ತು.

ಮಾಮ ಹೇಳಿದರು. ಬಗ್ಗಿದ ತೆಂಗು, ಮಿನಾರು, ತಗಡು, ದೀಪಸ್ತಂಭ. ಎರಡೂ ನಿಜ. ನನಗೆ ಗೊತ್ತಿದ್ದದ್ದೇ, ಆದರೂ ಅವರ ಬಾಯಿಂದ ಹೇಳಿಸಿ ಬರೆದುಕೊಂಡೆ.

ಸಂಸ್ಥೆಯವರ ಡೀಸೆಲ್ಲೂ ಸಮಯವೂ ಒಂದೇ ಅಮಾವಾಸ್ಯೆಗೆ ಸಾಕಾಗುವಷ್ಟಿತ್ತು. "ಒಂದು ಕಡೆ ಇಳಿದು ನೋಡೋಣ, ಎಲ್ಲಿ?" ಎಂದರು ಇಳಂಗೋ. ನಾನು ಮಾಮನ ಜಾಗ ಎಂದೆ. ಮಾಮನೇ ದೋಣಿಯಲ್ಲಿ ಕರೆದೊಯ್ದರು. ಇಳಿದೆವು. ಕೆಳಗೆ ಹವಳದ ಇಳಿಜಾರಿನ ಉದ್ದಕ್ಕೂ ಮುರು ಮೀನು, ಶುಕ್ರವಾರದ ನಮಾಜಿಗೆ ಜನ ಕೂತ ಹಾಗೆ ಸಾಲುಸಾಲಾಗಿ. ಎಣಿಸಲು ಹೋಗಿ ಬಿಟ್ಟೆವು. ಮೇಲೆ ಬಂದ ಇಳಂಗೋ ಮಾಮನ ಎರಡೂ ಕೈ ಹಿಡಿದುಕೊಂಡು ಅಲ್ಲಾಡಿಸಿದರು. ಮಾಮ ಕೈ ಬಿಡಿಸಿಕೊಂಡು ದೋಣಿಯ ನೀರು ತೋಡಿದರು. ಹಿರಿಯರು ಹೇಳಿದ್ದು ಇಷ್ಟು ಕರಾರುವಾಕ್ಕಾಗಿದ್ದರೆ ಉಳಿದದ್ದನ್ನು ನೋಡುವ ಅಗತ್ಯವೇ ಇಲ್ಲ ಎಂದು ಇಳಂಗೋ ವರದಿ ಬರೆದರು. ಮಾಮನ ಒಂದು ನಿಜ ಹತ್ತು ಸುಳ್ಳಿಗೆ ಜಾಮೀನು ನಿಂತಿತು.

ಮುಂದಿನ ವರ್ಷ ನಕ್ಷೆ ಗೋಡೆ ಏರಿತು. ಅದರ ಫೋಟೋ ಎಲ್ಲರ ಫೋನಿಗೂ ಹೋಯಿತು. ನಿಷೇಧದ ಮೊದಲ ಐದು ದಿನ ಬಂದಾಗ ಮಾಮ ಮೂಡಣಕ್ಕೆ ಹೋಗಲಿಲ್ಲ. ಒಳಗಡಲಿನಲ್ಲಿ ಸಣ್ಣ ಮೀನು ಹಿಡಿದು ತಂದರು. ಉಮ್ಮ ಅದರಲ್ಲೇ ಸಾರು ಮಾಡಿದರು.

ಮೂರನೆಯ ದಿನ ಸೈನಬಿ ಅತ್ತೆ ಕರೆಕಳಿಸಿದರು, ಮೀನು ಕೊಯ್ಯಲು ಕೈ ಸಾಲದು ಎಂದು. ಅವರ ಮಗ ನಲ್ಲಕೋಯ ದೋಣಿ ಇಳಿಸಿದ್ದ. ಅಂಗಳದಲ್ಲಿ ತೆಂಗಿನ ಗರಿ ಹಾಸಿ ಅದರ ಮೇಲೆ ಮುರು ಮೀನಿನ ರಾಶಿ. ನಾನು ಕತ್ತಿ ಹಿಡಿದು ಒಂದನ್ನು ಸೀಳಿದೆ. ಹೊಟ್ಟೆ ತುಂಬ ಮೊಟ್ಟೆ. ಇನ್ನೊಂದು ಸೀಳಿದೆ, ಅದರಲ್ಲೂ. ಐದು ಸೀಳಿದೆ, ಐದರಲ್ಲೂ. ಒಂಟಿಯಾಗಿ ತಿರುಗುವ ಮೀನು ಹೀಗೆ ರಾಶಿಯಾಗಿ, ಹೀಗೆ ಹೊಟ್ಟೆ ಬಿರಿದು ಸಿಗುವುದು ಕೂಡುವ ಜಾಗದಲ್ಲಿ ಮಾತ್ರ. ಕೂಡುವ ಜಾಗಗಳೆಲ್ಲ ನನ್ನ ನಕ್ಷೆಯ ವೃತ್ತದೊಳಗಿದ್ದವು.

"ವೃತ್ತದ ಒಳಗೆ ಹೋಗಿದ್ದೀಯಾ?" ಎಂದೆ ನಲ್ಲಕೋಯನಿಗೆ.

"ಅಲ್ಲಾಹು ಸಾಕ್ಷಿ, ವೃತ್ತದ ಹತ್ತಿರವೂ ಸುಳಿದಿಲ್ಲ," ಎಂದ. ಅದು ನಿಜವೇ ಆಗಿತ್ತು. ಸುತ್ತ ಕೂತ ಹೆಂಗಸರು ಮುಸಿಮುಸಿ ನಕ್ಕರು.

ಅತ್ತೆ ನನ್ನ ಬೆನ್ನಿಗೆ ಮೆಲ್ಲನೆ ಗುದ್ದಿದರು. "ನಿಂಗೆ ನಿಜಕ್ಕೂ ಗೊತ್ತಿರ್ಲಿಲ್ವಾ? ಗುರುತನ್ನ ಕಾಗದಕ್ಕೆ ಕೊಡುವವರು ಉಂಟಾ ಎಲ್ಲಾದ್ರೂ? ಹತ್ತು ಸುಳ್ಳಿನ ಜೊತೆ ಹನ್ನೊಂದನೆಯದು ಅಂತ ನಿನ್ನ ಮಾಮನೂ ಒಂದು ಹೇಳಿದ್ರೆ ಆಗ್ತಿತ್ತು. ಆ ಮನುಷ್ಯನಿಗೆ ಮೊದಲಿಂದ್ಲೂ ಲೋಕಜ್ಞಾನ ಕಡಿಮೆ."

ಕತ್ತಿ ಅಲ್ಲೇ ಬಿಟ್ಟೆ. ಕೈ ತೊಳೆಯದೆ ಮಾಮನ ಸಣ್ಣ ದೋಣಿ ಹತ್ತಿ ಮೋಟಾರು ಎಳೆದೆ. ಬೇರೆಯವರು ಏನಾದರೂ ಮಾಡಿಕೊಳ್ಳಲಿ, ಬಾಪ್ಪ ಹಾಗೆ ಮಾಡಿರಲಾರರು ಎಂದು ದಾರಿಯುದ್ದಕ್ಕೂ ನನಗೇ ಹೇಳಿಕೊಂಡೆ. ಬಾಪ್ಪನ ವೃತ್ತಕ್ಕೆ ಹೋದೆ. ಚಪ್ಪರದ ಮೇಲೆ ಟ್ಯಾಂಕಿ ಕೂತಿತು, ವಯರ್‌ಲೆಸ್ ಕಂಬಕ್ಕೆ ಮರಳು ದಿಣ್ಣೆ ತಾಗಿತು. ಈಜುಗನ್ನಡಕ ಹಾಕಿ ನೀರಿಗೆ ಮುಖ ಇಟ್ಟೆ. ಕೆಳಗೆ ಬೆಳ್ಳಗಿನ ಮರಳು. ಒಂದು ತೊರಕೆ ಮೀನು ಅರ್ಧ ಹೂತುಕೊಂಡು ಮಲಗಿತ್ತು. ಬೇರೇನೂ ಇಲ್ಲ.

ಮೊದಲನೆಯದು ನಿಜ, ಎರಡನೆಯದು ಸುಳ್ಳು. ಚಪ್ಪರ ಮತ್ತು ಟ್ಯಾಂಕಿ ಕಳಚದಂತೆ ನೋಡಿಕೊಂಡು ಅದೇ ಗೆರೆಯಲ್ಲಿ ದೋಣಿಯನ್ನು ಮೆಲ್ಲಗೆ ಹೊರಕ್ಕೆ ಬಿಟ್ಟೆ. ಸ್ವಲ್ಪ ದೂರದಲ್ಲಿ ನಾಲ್ಕು ದೋಣಿಗಳು ಕಂಡವು. ಮೂರರಲ್ಲಿ ಬಾಪ್ಪನ ಸೋದರಳಿಯಂದಿರು. ನಾಲ್ಕನೆಯದರಲ್ಲಿ, ತಲೆಗೆ ಟವೆಲು ಸುತ್ತಿಕೊಂಡು, ಬೆರಳಿಗೆ ಗಾಳದ ದಾರ ಸುತ್ತಿಕೊಂಡು, ನನ್ನ ಬಾಪ್ಪ.

ನನ್ನನ್ನು ನೋಡಿ ಅವರ ಕೈ ನಿಂತಿತು. ದಾರದ ಆಚೆ ತುದಿಯಲ್ಲಿ ಮೀನು ಜಗ್ಗುತ್ತಿತ್ತು. ಅವರು ಎಳೆಯಲೂ ಇಲ್ಲ, ಬಿಡಲೂ ಇಲ್ಲ.

"ಇಲ್ಲಿ ಬೇಡ ಮಗಳೇ," ಎಂದರು. "ಸಂಜೆ ಬರ್ತೇನೆ."

ಸಂಜೆ ಬಂದರು, ಎಂದಿನಂತೆ. ಉಮ್ಮ ಚಹಾ ಇಟ್ಟು ಒಳಗೆ ಹೋದರು. ಬಾಪ್ಪ ಲೋಟ ಮುಟ್ಟಲಿಲ್ಲ.

"ಬೈಯುವುದಿದ್ರೆ ಬೈದುಬಿಡು," ಎಂದರು.

"ನಂಬಿಸಿ ಕುತ್ತಿಗೆ ಕೊಯ್ದ್ರಲ್ಲ ಬಾಪ್ಪ. ಅದೂ ನನ್ನ ಮುಖ ನೋಡಿಕೊಂಡು."

"ಆ ಜಾಗ ನಂದಾ, ಕೊಡ್ಲಿಕ್ಕೆ? ಸೈನಬಿಯ ಮಕ್ಕಳದ್ದು. ಅವರ ಅನ್ನವನ್ನ ನನ್ನ ಮಗಳಿಗೆ ಬರ್ಕೊಡು ಅಂದ್ರೆ ಹೇಗೆ ಬರ್ಕೊಡ್ಲಿ?"

"ಹಾಗಾದ್ರೆ ಸುಮ್ಮನೆ ಕೂತಿರ್ಬಹುದಿತ್ತು. ಕೊಡುವುದಿಲ್ಲ ಅಂತ ಹೇಳಬಹುದಿತ್ತು. ಎಲ್ಲರಿಗಿಂತ ಮೊದಲು ಎದ್ದು ಯಾಕೆ ಹೇಳಿದ್ರಿ?"

ಬಾಪ್ಪ ಲೋಟವನ್ನು ತಿರುಗಿಸಿದರು. "ಅವರೆಲ್ಲ ನಗ್ತಾ ಇದ್ರು. ನೀನು ಒಬ್ಬಳೇ ನಿಂತಿದ್ದಿ, ಹೊರಗಿನವನ ಎದುರು. ನಂಗೆ ನೋಡ್ಲಿಕ್ಕಾಗ್ಲಿಲ್ಲ. ನಿನ್ನ ಮರ್ಯಾದೆ ಉಳೀಲಿ ಅಂತ ಎದ್ದೆ. ನೀನು ಈ ದ್ವೀಪದಲ್ಲೇ ಹುಟ್ಟಿದವಳು, ದಡದ ಉತ್ತರ ಅಂತ ನಿಂಗೆ ತಿಳೀತದೆ ಅಂದ್ಕೊಂಡೆ."

"ದಡದ ಉತ್ತರ ಬೇಡ ಅಂತ ಹೇಳಿಯೇ ಕೇಳಿದ್ದೆನಲ್ಲ!"

"ಹಾಗೆ ಹೇಳಿಯೇ ಎಲ್ಲರೂ ಕೇಳುವುದು, ಮಗಳೇ."

"ಮತ್ತೆ ಮಾಮ? ನೀವು ಕೊಟ್ಟದ್ದು ನಿಜ ಅಂತ ನಾನು ಹೇಳಿದ್ದಕ್ಕೆ ಅವರು ಕೊಟ್ಟದ್ದು. ನಾವು ನೀರಿಗಿಳಿದು ಅಷ್ಟು ಮೀನು ನೋಡಿದ ದಿನ ನಿಮಗೆ ಗೊತ್ತಾಯ್ತಲ್ಲ, ಅವರದ್ದೊಂದೇ ನಿಜ ಅಂತ. ಅವತ್ತಾದ್ರೂ ನನ್ನ ಕಿವಿಯಲ್ಲಿ ಒಂದು ಮಾತು ಹೇಳಬಹುದಿತ್ತು. ಒಂದು ವೃತ್ತ ಅಳಿಸಲಿಕ್ಕೆ ಎಷ್ಟು ಹೊತ್ತು ಬೇಕಿತ್ತು ನಂಗೆ?"

 ಹೇಳಿದ್ದರೆ ಬಾಪ್ಪ ತಮ್ಮ ಸುಳ್ಳನ್ನೂ ಹೇಳಬೇಕಾಗುತ್ತಿತ್ತು. ಮಗಳ ಕಣ್ಣಲ್ಲಿ ದೊಡ್ಡವರಾಗಿ ಉಳಿಯಲು ಅವರು ಮಗಳ ಮನೆಯ ಜಾಗವನ್ನು ಬಿಟ್ಟುಕೊಟ್ಟರು. ಚಹಾ ತಣ್ಣಗಾಯಿತು. ಅವರು ಎದ್ದುಹೋದರು. ಆ ಚಹಾವನ್ನು ನಾನೇ ತೆಂಗಿನ ಬುಡಕ್ಕೆ ಚೆಲ್ಲಿದೆ.

ಇಳಂಗೋಗೆ ಫೋನು ಮಾಡಿ ಎಲ್ಲ ಹೇಳಿದೆ.  ವರದಿ ಮೇಲಕ್ಕೆ ಹೋಗಿಬಿಟ್ಟಿದೆ, ಮುಂದಿನ ಸಲ ತಿದ್ದೋಣ ಎಂದರು. ಅವರನ್ನೇನು ಅನ್ನುವುದು, ನನ್ನವರೇ ಹೀಗಿರುವಾಗ.

ನಿಷೇಧದ ಎರಡನೆಯ ತಿಂಗಳು ಬಂತು. ಹತ್ತು ಮನೆಯವರು ತಮ್ಮ ತಮ್ಮ ಜಾಗಗಳನ್ನು ಹಿಂದಿನ ತಿಂಗಳೇ ಗೋರಿಕೊಂಡಿದ್ದರು. ಒಂದು ಗಾಳವೂ ಬೀಳದೆ ತುಂಬಿಕೊಂಡಿದ್ದದ್ದು ಮಾಮನ ಜಾಗ ಮಾತ್ರ. ಅದರ ದಾರಿ ಎಲ್ಲರ ಫೋನಿನಲ್ಲೂ ಇತ್ತು, ನಾನು ಎಳೆದ ಕೆಂಪು ವೃತ್ತದೊಳಗೆ. ಐದು ದಿನಗಳಲ್ಲಿ ಮೊದಲನೆಯ ದಿನ ಬೆಳಿಗ್ಗೆ ದಡದಲ್ಲಿ ನಿಂತರೆ ಬಗ್ಗಿದ ತೆಂಗಿನ ನೇರಕ್ಕೆ ಹದಿನಾಲ್ಕು ದೋಣಿ ಕಂಡವು. ನಾನು ಕೂಗುತ್ತ ಸಂಘದ ಕಟ್ಟಡಕ್ಕೆ ಓಡಿದೆ. ಅಲ್ಲಿದ್ದವರು, "ಎಲ್ಲರೂ ಮುರಿದ ನಿಯಮ ನಿಮ್ಮ ಜಾಗಕ್ಕೆ ಮಾತ್ರ ಯಾಕೆ ಸಫೂರಾ?" ಎಂದು ಕೇಳಿದರು. ಕೇಳಿದ ಬಾಯಿ ನಮ್ಮ ಬೆಲ್ಲ ತಿಂದ ಬಾಯಿ. ಆ ಹದಿನಾಲ್ಕರಲ್ಲಿ ನಲ್ಲಕೋಯನ ದೋಣಿಯೂ ಇತ್ತು. ಬಾಪ್ಪ ಅದರಲ್ಲಿರಲಿಲ್ಲ. ಅವನನ್ನು ತಡೆಯಲೂ ಇಲ್ಲ.

ಮಾಮ ಬಗ್ಗಿದ ತೆಂಗಿನ ಬುಡದಲ್ಲಿ ಕೂತು ಆ ದಿನದಿಂದ ಅಮಾವಾಸ್ಯೆಯವರೆಗೆ ನೋಡಿದರು. ಬೈಯಲಿಲ್ಲ, ಶಪಿಸಲಿಲ್ಲ. ನನಗೂ ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಮರುವರ್ಷ ಅದೇ ತಿಂಗಳು, ಅದೇ ಐದು ದಿನಗಳಲ್ಲಿ, ನಾವಿಬ್ಬರೂ ಅಲ್ಲಿಗೆ ಹೋದೆವು. ಮಾಮ ದೋಣಿ ಹಿಡಿದುಕೊಂಡರು, ನಾನು ಇಳಿದೆ. ಇಳಿಜಾರಿನುದ್ದಕ್ಕೂ ಈಜಿದೆ. ಕಡಿದ ಗಾಳದ ದಾರಗಳು ಹವಳಕ್ಕೆ ಸುತ್ತಿಕೊಂಡು ಅಲ್ಲಾಡುತ್ತಿದ್ದವು. ಮುರು ಮೀನು ಮೂರು. ಮೂರೂ ಎಳೆಯವು, ಯಾರಿಗಾಗಿ ಬಂದೆವೆಂದು ತಿಳಿಯದವರ ಹಾಗೆ ದೂರದೂರ ನಿಂತಿದ್ದವು.

ಮೇಲೆ ಬಂದು ಮೂರು ಬೆರಳು ತೋರಿಸಿದೆ. ಮಾಮ ತಲೆಯಾಡಿಸಿ ಮೋಟಾರು ಎಳೆದರು.

ಮರುದಿನ ಮಾಮನ ಅಂಗಳಕ್ಕೆ ಹೋದೆ. ಕೈಯಲ್ಲಿ ಪುಸ್ತಕವಿರಲಿಲ್ಲ, ಬೇಕೆಂದೇ ಬಿಟ್ಟುಹೋಗಿದ್ದೆ. ಮಾಮ ನಾರು ಹೊಸೆಯುತ್ತಿದ್ದರು. ಹಗ್ಗದ ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟಿದ್ದರು.

"ಮಾಮ, ಉಮ್ಮ ಹೇಳ್ತಿದ್ರು, ಅಜ್ಜನ ಕಾಲದ ಇನ್ನೊಂದು ಜಾಗ ಉಂಟಂತೆ. ಹೌದಾ?"

"ಉಂಟು."

"ನಂಗೆ ಹೇಳ್ತೀರಾ? ನಂಗೊಬ್ಬಳಿಗೇ. ಯಾವ ಕಾಗದಕ್ಕೂ ಹಾಕುವುದಿಲ್ಲ."

ಮಾಮ ಹೊಸೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

"ಶಾಲೆಯ ಮೂಲೆಗೆ ಕಬರಸ್ಥಾನದ ಬಿಳಿ ಗೋಡೆ ಕೂಡಬೇಕು," ಎಂದರು. ಸ್ವಲ್ಪ ತಡೆದು, "ಇನ್ನೊಂದು, ದೀಪಸ್ತಂಭ ಜೆಟ್ಟಿಯ ತುದಿ ಮೇಲೆ ಕೂರಬೇಕು. ಗೊತ್ತಾಯ್ತಾ?"

ದೀಪಸ್ತಂಭ ಜೆಟ್ಟಿಯ ತುದಿ ಮೇಲೆ ಕೂರುವುದು ಮುರು ಮೀನು ಕೂಡದ ಒಳಗಡಲಿನಲ್ಲಿ ಮಾತ್ರ ಎಂಬುದು ನನಗೆ ಏಳನೆಯ ವಯಸ್ಸಿನಿಂದ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು.  

"ಗೊತ್ತಾಯ್ತು ಮಾಮ," ಎಂದೆ.

ಅವರು ಮತ್ತೆ ನಾರು ಹೊಸೆಯತೊಡಗಿದರು. ನಾನು ಕಂಬದ ಹತ್ತಿರ ಹೋಗಿ ಗಂಟಿಗೆ ಕೈಹಾಕಿದೆ. "ಇರ್ಲಿ ಬಿಡು, ಅದು ಅಲ್ಲೇ ಗಟ್ಟಿ ಉಂಟು," ಎಂದರು.